ಪಾಪದವರ ಸಿನಿಮಾ ಮತ್ತು ಮೂರನೆಯ ಕೂಗು

ನನ್ನ ಸೋದರಮಾವ ಲಿಫ್ಟ್ ರಿಪೇರಿಯವರು. ಮೂವತ್ತೊಂದು ವರ್ಷ ಊರಿನವರನ್ನೆಲ್ಲ ಮೇಲಕ್ಕೆತ್ತಿದ ಮನುಷ್ಯ, ಸ್ವಂತಕ್ಕೆ ಮಾತ್ರ ನೆಲಮಹಡಿಯ ಬಾಡಿಗೆ ಮನೆಯನ್ನೇ ಹುಡುಕಿಕೊಂಡರು. ಎತ್ತರವೆಂದರೆ ಹೆದರಿಕೆ. ನಾಯಿಯೆಂದರೆ ಹೆದರಿಕೆ, ಕಟ್ಟಿಹಾಕಿದ ನಾಯಿಯೆಂದರೆ ಇನ್ನೂ ಹೆಚ್ಚು, ಏಕೆಂದರೆ ಕಟ್ಟಿಹಾಕಲು ಏನೋ ಕಾರಣ ಇದ್ದಿರಲೇಬೇಕು. ಫೋನು ಬಡಿದುಕೊಂಡರೆ ಅವರ ಎದೆಯೂ ಜೊತೆಗೆ ಬಡಿದುಕೊಳ್ಳುತ್ತಿತ್ತು. ಸುಮ್ಮನಿದ್ದರೆ ಲೈನು ಸತ್ತಿರಬಹುದೆಂದು ಎತ್ತಿ ಕಿವಿಗಿಟ್ಟು ನೋಡುತ್ತಿದ್ದರು. ಸಾಹೇಬರು ಬೈದರೆ ಸಹಿಸಿಕೊಳ್ಳುತ್ತಿದ್ದರು. ನಕ್ಕರೆ ಮಾತ್ರ ಆ ದಿನ ಊಟ ಸೇರುತ್ತಿರಲಿಲ್ಲ. ಜನರಿಗೆ ಅಭಯ ಕೊಡುವುದೇ ಅವರ ಉದ್ಯೋಗವಾಗಿತ್ತು. ಕೊಟ್ಟೂ ಕೊಟ್ಟೂ ಮೊದಲಕ್ಷರ ಸವೆದುಹೋಗಿ ಅವರ ಪಾಲಿಗೆ ಉಳಿದದ್ದು ಭಯ.

ಆದರೆ ಆ ಭಯಕ್ಕೊಂದು ಶಿಸ್ತಿತ್ತು. ಮಾವ ಎಲ್ಲವನ್ನೂ ಮೂರು ಸಲ ನೋಡುತ್ತಿದ್ದರು. ಅವರಿಗೆ ಕೆಲಸ ಕಲಿಸಿದ ಮುದುಕ ಮೇಸ್ತ್ರಿಯ ಬಲಗೈಯಲ್ಲಿ ಇದ್ದದ್ದೇ ಮೂರು ಬೆರಳು. ಉಳಿದೆರಡನ್ನು ಯಾವುದೋ ಲಿಫ್ಟಿನ ಚಕ್ರ ತೆಗೆದುಕೊಂಡಿತ್ತು. ಆ ಮೂರನ್ನು ಮಾವನ ಮೂಗಿನ ಮುಂದೆ ಹಿಡಿದು ಆತ ಹೇಳಿಕೊಟ್ಟಿದ್ದನಂತೆ: "ಮೊದಲನೇ ಸಲ ಕೇಳೋದು ಬಾಯಿಗೆ. ಎರಡನೇ ಸಲ ಕಿವಿಗೆ. ಮೂರನೇ ಸಲ ಜೀವಕ್ಕೆ. ಮೂರಕ್ಕೂ ಉತ್ತರ ಬರದೆ ಕೈ ಆಡಿಸಬೇಡ." ಅಂದಿನಿಂದ ಮೇನ್ ಸ್ವಿಚ್ ಆರಿಸಿದರೆ ಮೂರು ಸಲ ಮುಟ್ಟಿ ನೋಡುವುದು, ಅದಕ್ಕೆ ತನ್ನ ಕೆಂಪು ಬೀಗ ಜಡಿದರೆ ಮೂರು ಸಲ ಜಗ್ಗುವುದು, ಕೆಳಗಿನವರನ್ನು ಮೂರು ಸಲ ಕೂಗಿ ಕೇಳುವುದು. ಕಂಪನಿಯಲ್ಲಿ ಅವರ ಹೆಸರು ಹೋಗಿ 'ಮೂರ್ಸಲ' ಆಯಿತು. ಅವರು ಅದಕ್ಕೂ ಓಗೊಡುತ್ತಿದ್ದರು, ಎರಡನೆಯ ಸಲ ಕರೆದ ಮೇಲೆ.

ಅತ್ತೆ ಇದಕ್ಕೆ ತದ್ವಿರುದ್ಧ. ಗಟ್ಟಿ ಗಂಟಲು, ಗಟ್ಟಿ ಗುಂಡಿಗೆ. ನಾನು ಓದಲೆಂದು ಅವರ ಮನೆಯಲ್ಲಿ ನಾಲ್ಕು ವರ್ಷ ಇದ್ದೆ; ಹೊರಗೆ ಹೊರಟಾಗಲೆಲ್ಲ ಒಂದೇ ನಾಟಕ. ಮಾವ ಬೀಗ ಹಾಕಿ ಒಮ್ಮೆ ಜಗ್ಗುತ್ತಿದ್ದರು, ಎರಡನೆಯ ಬಾರಿ ಜಗ್ಗುತ್ತಿದ್ದರು. ಅಷ್ಟರಲ್ಲಿ ಅತ್ತೆ ಮೆಟ್ಟಿಲಿಳಿದು ಗೇಟು ದಾಟಿರುತ್ತಿದ್ದರು. "ಬರ್ತಾರೆ ಬಿಡು, ಬೀಗಕ್ಕೆ ಸಮಾಧಾನ ಹೇಳಿ," ಎಂದು ನನ್ನ ಕೈ ಹಿಡಿದು ನಡೆಯುತ್ತಿದ್ದರು. ಹಿಂದಿನಿಂದ ಮೂರನೆಯ ಜಗ್ಗು ಮೆಲ್ಲಗೆ ಕೇಳಿಸುತ್ತಿತ್ತು, ಕಳ್ಳತನದಲ್ಲಿ ಮಾಡಿದ ಹಾಗೆ.

ಹೊರಡುತ್ತಿದ್ದುದು ಹೆಚ್ಚಾಗಿ ಭಾನುವಾರದ ಮ್ಯಾಟಿನಿಗೆ. ಅದೂ ಒಂದೇ ಜಾತಿಯ ಸಿನಿಮಾಕ್ಕೆ. ಅತ್ತೆ ಅದಕ್ಕೆ ಇಟ್ಟ ಹೆಸರು 'ಪಾಪದವರ ಸಿನಿಮಾ'. ನೀವೂ ನೋಡಿರುತ್ತೀರಿ. ಅದರಲ್ಲಿ ಹೀರೊ ಅನ್ನಿಸಿಕೊಂಡವನು ಪಾಪದ ಪ್ರಾಣಿ. ಸೈಕಲ್ ಹತ್ತಿದರೆ ಬೀಳುತ್ತಾನೆ, ಹುಡುಗಿ ಕಂಡರೆ ತೊದಲುತ್ತಾನೆ, ಮೇಲಧಿಕಾರಿಯ ಮೇಜಿನ ಮೇಲೆ ಚಹಾ ಚೆಲ್ಲುತ್ತಾನೆ. ಮಧ್ಯಂತರದವರೆಗೆ ಲೋಕವೆಲ್ಲ ಅವನ ತಲೆಗೆ ಮೊಟಕುತ್ತದೆ. ಆಮೇಲೆ ಯಾವುದೋ ಒಂದು ಗಳಿಗೆಯಲ್ಲಿ ಅವನು ಹೆದರುವುದನ್ನು ಬಿಡುತ್ತಾನೆ. ಬಿಟ್ಟದ್ದೇ ತಡ, ಮುಟ್ಟಿದ್ದೆಲ್ಲ ನೆಟ್ಟಗಾಗುತ್ತದೆ. ಪಾಪದವನಿಗೆ ಅಷ್ಟೊಂದು ಪುಣ್ಯ ಬೇರೆಲ್ಲೂ ಸಿಗುವುದಿಲ್ಲ.

ಈ ಸಿನಿಮಾಗಳನ್ನು ನಾನು ಹಗುರವಾಗಿ ಹಳಿಯಲಾರೆ. ನಮ್ಮ ಕಾನ್ವೆಂಟಿನ ಸಿಸ್ಟರು ದೀನರು ಧನ್ಯರೆಂದು ಬೆಳಗ್ಗೆ ಪಾಠ ಮಾಡಿ, ಅದೇ ದೀನರನ್ನು ಮಧ್ಯಾಹ್ನ ಲೆಕ್ಕ ತಪ್ಪಿದ್ದಕ್ಕೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ದೀನರು ನಿಜವಾಗಿ ಧನ್ಯರಾದದ್ದನ್ನು ನಾನು ಕಂಡದ್ದು ಆ ಕತ್ತಲ ಹಾಲಿನಲ್ಲೇ. ಮಾವನನ್ನು ನಾನು ಓರೆಗಣ್ಣಿನಿಂದ ನೋಡುತ್ತಿದ್ದೆ. ಬಾಗಿಲಿನ ಹತ್ತಿರದ ಸೀಟಿನಲ್ಲಿ, ಬೆಂಕಿ ಬಿದ್ದರೆ ಓಡಲು ಅನುಕೂಲವಾಗುವಂತೆ ಕೂತವರು, ಅರ್ಧ ಗಂಟೆಯಲ್ಲಿ ಭುಜ ಸಡಿಲಿಸಿ, ಬಾಯಿ ತೆರೆದು, ಕೆಮ್ಮು ಬರುವಷ್ಟು ನಗುತ್ತಿದ್ದರು. ವಾರದ ಆರೂವರೆ ದಿನ ಹೆದರಿದವರಿಗೆ ಎರಡೂವರೆ ಗಂಟೆ ರಜೆ.

ಆ ವರ್ಷ ಬಂದ ಸಿನಿಮಾದ ಹೀರೊ ಒಬ್ಬ ಪುಕ್ಕಲು ಗುಮಾಸ್ತ. ತಾನು ಹೆದರುವ ಸಂಗತಿಗಳನ್ನೆಲ್ಲ ಬರೆದ ಚೀಟಿಯೊಂದನ್ನು ಅವನು ಜೇಬಿನಲ್ಲಿ ಇಟ್ಟುಕೊಂಡಿರುತ್ತಾನೆ. ಪ್ರತಿ ಕೆಲಸಕ್ಕೂ ಮೊದಲು ಅದನ್ನು ತೆಗೆದು ಓದುತ್ತಾನೆ. ಹಾಲು ಪೂರ್ತಿ ಬಿದ್ದುಬಿದ್ದು ನಗುತ್ತದೆ. ಕೊನೆಗೆ ಹುಡುಗಿ ಲಿಫ್ಟಿನಲ್ಲಿ ಸಿಕ್ಕಿಕೊಂಡಾಗ ಅವನು ಚೀಟಿ ಹರಿದು ಎಸೆದು, ಕೊಡೆಯಿಂದ ಬಾಗಿಲು ಮೀಟಿ, ಎರಡು ಮಹಡಿಗಳ ನಡುವಿನ ಸಂದಿಯಿಂದ ಅವಳನ್ನು ಕೆಳಗಿಳಿಸಿಕೊಳ್ಳುತ್ತಾನೆ. ಅವಳ ಚಪ್ಪಲಿ ಕಳಚಿ ಕೆಳಗೆ ಬಿದ್ದು ಖಳನಾಯಕನ ಬೋಳುತಲೆಗೆ ಅಂಟಿಕೊಳ್ಳುತ್ತದೆ. ಶಿಳ್ಳೆ, ಚಪ್ಪಾಳೆ, ಶುಭಂ.

ಹೊರಗೆ ಬಂದಾಗ ಅತ್ತೆ ಕಣ್ಣೊರೆಸಿಕೊಳ್ಳುತ್ತಿದ್ದರು. "ನೋಡಿದ್ರಾ? ಚೀಟಿ ಹರಿದ ಮೇಲೆ ಅವನಿಗೆ ಯಾವ ದಾರಿ ತೆರೀಲಿಲ್ಲ ಹೇಳಿ. ನಿಮ್ಮ ಮೂರ್ಸಲದ ಚೀಟೀನೂ ಒಂದಿನ ಹರಿದು ಬಿಸಾಕಿ." ನಾನೂ ತಾಳ ಹಾಕಿದೆ. ಆ ವಯಸ್ಸಿನಲ್ಲಿ ಬೇರೆಯವರ ಧೈರ್ಯದ ವಿಷಯದಲ್ಲಿ ನನಗೆ ಬಹಳ ಧೈರ್ಯವಿತ್ತು. ಅಂದು ಮನೆಗೆ ಬಂದು ಬಾಗಿಲು ತೆಗೆದ ಮಾವ ಒಳಗಿನಿಂದ ಚಿಲಕ ಹಾಕಿ, ಒಂದೇ ಸಲ ಮುಟ್ಟಿ, ನಮ್ಮಿಬ್ಬರ ಮುಖ ನೋಡಿ, ಕೈ ಹಿಂದಕ್ಕೆ ಕಟ್ಟಿಕೊಂಡು ಹೋದರು. ನಾವು ಚಪ್ಪಾಳೆ ತಟ್ಟಿದೆವು.

ಮುಂದಿನ ಎರಡು ವಾರ ಮಾವ ಬದಲಾದರು. ಗ್ಯಾಸು ಒಂದು ಸಲ, ನಲ್ಲಿ ಒಂದು ಸಲ. ಕೆಲಸದಿಂದ ಬೇಗ ಬರತೊಡಗಿದರು. ಮೊದಲನೆಯ ಸಲಕ್ಕೇ ಎಲ್ಲ ಸರಿಯಿರುವಾಗ ಇನ್ನೆರಡು ಸಲ ಯಾಕೆ ಎಂದು ಸಾಹೇಬರು ಬೆನ್ನು ತಟ್ಟಿದರಂತೆ. ಈ ಹೊಸ ಹುರುಪಿನ ಒಳಗೆ ಏನಿತ್ತೆಂದು ಮಾವ ಬಹಳ ವರ್ಷದ ಮೇಲೆ ನನಗೆ ಹೇಳಿದರು. ಧೈರ್ಯ ಬಂದಿರಲಿಲ್ಲವಂತೆ. ಹೆದರಿಕೆ ಎಲ್ಲಿ ಹೋಯಿತು ಎಂಬ ಹೆದರಿಕೆ ಶುರುವಾಗಿತ್ತಂತೆ. ಮನೆಯೊಳಗೆ ಕಂಡ ಹಾವು ಕಣ್ಮರೆಯಾದರೆ ಹೇಗೋ ಹಾಗೆ.

ಮೂರನೆಯ ವಾರ, ಒಂದು ಮಂಗಳವಾರ, ಅತ್ತೆಯ ದವಡೆ ಹಲ್ಲು ನೋವು ಹೆಚ್ಚಾಯಿತು. ಹಲ್ಲಿನ ಡಾಕ್ಟರು ಇದ್ದದ್ದು ನೆಲಮಹಡಿಯೂ ಸೇರಿ ಆರು ಮಹಡಿಯ ಒಂದು ಹಳೆಯ ಕಟ್ಟಡದ ಐದನೆಯ ಮಹಡಿಯಲ್ಲಿ. ಕೆಳಗೆ ಕನ್ನಡಕದ ಅಂಗಡಿ, ನಡುವೆ ಹೊಲಿಗೆ ಕ್ಲಾಸು, ವಕೀಲರ ಕಚೇರಿ. ಅಲ್ಲಿಯ ಲಿಫ್ಟು ಮಾವನ ಪಾಲಿನದೇ. ಒಳಗೆ ಮಡಚುವ ಜಾಲರಿ ಬಾಗಿಲು, ಪ್ರತಿ ಮಹಡಿಯಲ್ಲಿ ಹೊರಗೊಂದು ಮರದ ಬಾಗಿಲು. ಜಾಲರಿಯ ಮೂಲೆಯಲ್ಲೊಂದು ಚಿಕ್ಕ ಸ್ವಿಚ್ ಇರುತ್ತದೆ. ಬಾಗಿಲು ಮುಚ್ಚಿದೆಯೆಂದು ಅದು ಒಪ್ಪಿದರೆ ಮಾತ್ರ ಲಿಫ್ಟು ಕದಲುತ್ತದೆ. ಹಿಂದಿನ ವಾರ ಮಾವ ಆ ಸ್ವಿಚ್ಚನ್ನು ಒಂದೇ ಸಲ ನೋಡಿ ಸಹಿ ಮಾಡಿದ್ದರು.

ಅಂದು ಮಧ್ಯಾಹ್ನ ಮೂರೂವರೆಗೆ, ಅತ್ತೆಯನ್ನೂ ಡಾಕ್ಟರ ನರ್ಸಮ್ಮನನ್ನೂ ಹೊತ್ತುಕೊಂಡು ಹೊರಟ ಲಿಫ್ಟು ನಾಲ್ಕು ಮತ್ತು ಐದನೆಯ ಮಹಡಿಗಳ ನಡುವೆ ಗಕ್ಕನೆ ನಿಂತಿತು. ಸಡಿಲಾದ ಸ್ವಿಚ್ಚು ತನ್ನ ಒಪ್ಪಿಗೆಯನ್ನು ವಾಪಸು ತೆಗೆದುಕೊಂಡಿತ್ತು.

ಆಗಿನ್ನೂ ಮೊಬೈಲು ಎಲ್ಲರ ಕೈಗೆ ಬಂದಿರಲಿಲ್ಲ. ವಾಚ್‌ಮನ್ ಕಂಪನಿಗೆ ಫೋನು ಮಾಡಿದ. ಮಾವ ಇದ್ದದ್ದು ಎರಡೇ ಬೀದಿ ಆಚೆ. ಹತ್ತು ನಿಮಿಷದಲ್ಲಿ ಬಂದರು. ಬಾಗಿಲಲ್ಲೇ ವಾಚ್‌ಮನ್ ಸುದ್ದಿ ಕೊಟ್ಟ. "ಸಾರ್, ಒಳಗಿರೋದು ನಿಮ್ಮನೆಯವ್ರೇ."

ಮಾವ ಮೆಟ್ಟಿಲು ಹತ್ತುವಾಗ ನಾಲ್ಕನೆಯ ಮಹಡಿಯಲ್ಲಿ ನಿಂತು ನೋಡಿದರು. ಹೊರಗಿನ ಮರದ ಬಾಗಿಲಿನ ಗಾಜಿನಲ್ಲಿ, ತಮ್ಮ ಎದೆಯ ಎತ್ತರಕ್ಕೆ, ಲಿಫ್ಟಿನ ನೆಲ ಕಾಣುತ್ತಿತ್ತು. ಅದರ ಮೇಲೆ ಅತ್ತೆಯ ಹಸಿರು ಪಟ್ಟಿಯ ಚಪ್ಪಲಿ. ನೆಲದ ಕೆಳಗೆ ಕತ್ತಲು, ನಾಲ್ಕು ಮಹಡಿಯ ಆಳ. ಒಳಗಿನಿಂದ ಅತ್ತೆಯ ದನಿ, ಹಲ್ಲುನೋವಿನಲ್ಲೂ ಗಟ್ಟಿಯಾಗಿ: "ರೀ, ಹೆದರ್ಕೋಬೇಡಿ. ನಾನು ಚೆನ್ನಾಗಿದ್ದೀನಿ."

ಒಳಗೆ ಸಿಕ್ಕಿಬಿದ್ದವರು ಹೊರಗಿದ್ದವರಿಗೆ ಧೈರ್ಯ ಹೇಳುವುದನ್ನು ಕೇಳಿ ಹೊಲಿಗೆ ಕ್ಲಾಸಿನ ಹೆಂಗಸರು ಕಿಸಕ್ಕೆಂದರು. ವಕೀಲರ ಕಚೇರಿಯವರೂ ಬಂದು ನಿಂತಿದ್ದರು. ಮಧ್ಯಾಹ್ನದ ಬೇಸರದ ಹೊತ್ತಿನಲ್ಲಿ ಎಲ್ಲರಿಗೂ ಪುಕ್ಕಟೆ ಮ್ಯಾಟಿನಿ.

ಕರೆಂಟಿಲ್ಲದೆ ಲಿಫ್ಟನ್ನು ಸರಿಸುವುದಕ್ಕೆ ಒಂದು ಕ್ರಮವಿದೆ. ಛಾವಣಿಯ ಮೇಲಿನ ಯಂತ್ರದ ಕೋಣೆಯಲ್ಲಿ ಮೇನ್ ಆರಿಸಿ, ಬೀಗ ಹಾಕಿ, ಬ್ರೇಕಿನ ಸನ್ನೆಗೋಲನ್ನು ಎಳೆದು ಒಬ್ಬ ಮೆಲ್ಲಗೆ ಬ್ರೇಕು ಸಡಿಲಿಸಬೇಕು, ಇನ್ನೊಬ್ಬ ದೊಡ್ಡ ಚಕ್ರವನ್ನು ಬಿಗಿಹಿಡಿದು ಇಷ್ಟಿಷ್ಟೇ ತಿರುಗಿಸಬೇಕು. ಇಬ್ಬರು ಬೇಕೇ ಬೇಕು. ಏಕೆಂದರೆ ಲಿಫ್ಟಿನ ಹಗ್ಗದ ಇನ್ನೊಂದು ತುದಿಯಲ್ಲಿ ಕಬ್ಬಿಣದ ಭಾರಿ ತೂಕ ನೇತಾಡುತ್ತಿರುತ್ತದೆ. ಒಳಗೆ ಇಬ್ಬರೇ ಇದ್ದರೆ ಲಿಫ್ಟಿಗಿಂತ ಆ ತೂಕವೇ ಹೆಚ್ಚು. ಬ್ರೇಕು ಬಿಟ್ಟರೆ ಲಿಫ್ಟು ಕೆಳಗೆ ಬೀಳುವುದಿಲ್ಲ, ಮೇಲಕ್ಕೆ ಜಿಗಿಯುತ್ತದೆ. ಮಾವನ ಜೊತೆಗಾರ ಊರಿನ ಆ ತುದಿಯಲ್ಲಿದ್ದ. ಬರಲು ಒಂದು ಗಂಟೆ.

ಮಾವ ಕಾಯೋಣವೆಂದರು. ಗುಂಪಿಗೆ ಅದು ಹಿಡಿಸಲಿಲ್ಲ. ಒಳಗೆ ನರ್ಸಮ್ಮ ಉಸಿರು ಕಟ್ಟುತ್ತದೆಂದು ಅಳತೊಡಗಿದಳು. "ಹೆಂಡ್ತಿ ಒಳಗಿದ್ರೂ ಕಾಯ್ತಾರಂತೆ ನೋಡಿ," ಎಂದು ಯಾರೋ ಅಂದರು. ಗಂಡಸ್ತನಕ್ಕೆ ಗುಂಡಿ ಒತ್ತುವ ಇಂಥ ಮಾತು ಪ್ರತಿ ಪಾಪದವರ ಸಿನಿಮಾದಲ್ಲೂ ಬರುತ್ತದೆ. ಅದು ಬಂದ ಮೇಲೆ ಹೀರೊ ತೋಳು ಮಡಚುತ್ತಾನೆ. ಮಾವ ವಾಚ್‌ಮನ್‌ನನ್ನು ಪಕ್ಕಕ್ಕೆ ಕರೆದು, ಹೊರಬಾಗಿಲು ತೆರೆಯಬಾರದು, ಒಳಗಿನವರು ಜಾಲರಿ ಮುಟ್ಟಬಾರದು, ತಾನು ಮೇಲಿನಿಂದ ಕೂಗಿದಾಗ ನೋಡಿ ಉತ್ತರ ಕೊಡಬೇಕು ಎಂದು ಹೇಳಿ ಮೆಟ್ಟಿಲು ಹತ್ತಿದರು. ಎಷ್ಟು ಸಲ ಹೇಳಿದಿರಿ ಎಂದು ನಾನು ಕೇಳಿದ್ದೆ. ಒಂದೇ ಸಲ, ಅಂದರು.

ಯಂತ್ರದ ಕೋಣೆ ಕಾದ ತಗಡಿನಂತಿತ್ತು. ಮೇನ್ ಆರಿಸಿದರು. ಕೆಂಪು ಬೀಗ ಹಾಕಿದರು. ಎಡಗೈಯಲ್ಲಿ ಚಕ್ರ ಹಿಡಿದು, ಬಲಗೈಯಲ್ಲಿ ಬ್ರೇಕಿನ ಸನ್ನೆ ಹಿಡಿದರು. ಇಬ್ಬರ ಕೆಲಸಕ್ಕೆ ಒಬ್ಬರೇ ಚಾಚಿಕೊಂಡು ನಿಂತಾಗ, ನೆಲದಲ್ಲಿ ಹಗ್ಗ ಇಳಿಯುವ ತೂತಿನ ಮೇಲೆ ಅವರ ಮುಖ ಬಾಗಿತ್ತು. ಕೆಳಗಿನ ಮಾತು ಬಾವಿಯಿಂದ ಬಂದ ಹಾಗೆ ಬರುತ್ತಿತ್ತು. ಬೆವರು ತೊಟ್ಟಿಕ್ಕಿ ಆ ತೂತಿನೊಳಗೆ ಬೀಳುತ್ತಿತ್ತು.

"ಬಾಗಿಲು ಹಾಕಿದ್ಯಾ, ಎಲ್ರೂ ಒಳಗಿದ್ದಾರಾ?"

"ಇದ್ದಾರೆ ಸಾರ್."

ಅದು ಬಾಯಿಗೆ. ಮತ್ತೆ ಕೂಗಿದರು.

"ಎಲ್ರೂ ಒಳಗಿದ್ದಾರಾ?"

"ಹೂಂ ಸಾರ್, ಎಳೀರಿ."

ಅದು ಕಿವಿಗೆ. ಬಲಗೈ ಬಿಗಿಯಾಯಿತು. ಆ ಗಳಿಗೆಯಲ್ಲಿ ತನಗೆ ಸಿನಿಮಾದ ಗುಮಾಸ್ತನೇ ನೆನಪಾದ ಎಂದು ಮಾವ ನಾಚಿಕೊಂಡು ಹೇಳಿದರು. ಚೀಟಿ ಹರಿದು ಎಸೆದದ್ದು, ಶಿಳ್ಳೆ, ಅತ್ತೆ ಕಣ್ಣೊರೆಸಿಕೊಂಡದ್ದು. ಈಗ ಎಳೆದರೆ ಲಿಫ್ಟು ಐದನೆಯ ಮಹಡಿಗೆ ಹೋಗಿ ನಿಲ್ಲುತ್ತದೆ, ಅತ್ತೆ ಹೊರಗೆ ಬರುತ್ತಾರೆ, ಇಡೀ ಕಟ್ಟಡ ನೋಡುತ್ತದೆ. ಎರಡು ಸಲ ಉತ್ತರ ಬಂದಿದೆ. ಮತ್ತೆ ಕೇಳಿದರೆ ಕೆಳಗಿರುವವರೆಲ್ಲ ನಗುತ್ತಾರೆ.

ಆದರೆ ಎರಡು ವಾರದಿಂದ ಕಾಣೆಯಾಗಿದ್ದ ಆ ಹಾವು ಆಗ ಕಾಲಿನ ಮೇಲೆ ಹರಿಯಿತು. ಕೈ ಸನ್ನೆಯ ಮೇಲೇ ಇತ್ತು. ಬಾಯಿ ತಾನಾಗಿ ಕೂಗಿತು.

"ಎಲ್ರೂ ಒಳಗಿದ್ದಾರೇನಪ್ಪಾ?"

ಉತ್ತರ ಬರಲಿಲ್ಲ. ಬದಲಿಗೆ ನಗು ಬಂತು. ಒಬ್ಬರದಲ್ಲ, ಗುಂಪಿನದು, ಸಿನಿಮಾ ಹಾಲಿನಲ್ಲಿ ಏಳುವಂಥದೇ ನಗು. ಅದರ ನಡುವೆ ಯಾವುದೋ ವಸ್ತು ಕಳಚಿ ಬಿದ್ದದ್ದು ಕೇಳಿಸಿತು. ಗೋಡೆಗೆ ಒಮ್ಮೆ ಬಡಿಯಿತು. ಆಮೇಲೆ ಏನೂ ಇಲ್ಲ. ಆಮೇಲೆ ಬಹಳ ಕೆಳಗೆ, ಗುಂಡಿಯ ತಳದಲ್ಲಿ, ಪಟ್ ಎಂದಿತು.

ಏನು ಬಿತ್ತು ಎಂದು ಮಾವನಿಗೆ ಗೊತ್ತಾಗಲಿಲ್ಲ. ಯಾರು ಬಿದ್ದರು ಎಂದೇ ಅವರ ಮನಸ್ಸು ಕೇಳಿದ್ದು. ಬ್ರೇಕಿನ ಸನ್ನೆಯಿಂದ ಕೈ ತೆಗೆಯಬೇಕೆಂದರೆ ಬೆರಳು ಬಿಡಿಸಿಕೊಳ್ಳಲಿಲ್ಲ. ಸನ್ನೆ ಒಂದು ನೂಲೆಳೆಯಷ್ಟೂ ಕದಲದಂತೆ ನೋಡಿಕೊಂಡು, ಎಡಗೈಯಿಂದ ಬಲಗೈಯ ಬೆರಳನ್ನು ಒಂದೊಂದಾಗಿ ಎತ್ತಿದರು. ಎತ್ತುವಾಗ ಮೇಸ್ತ್ರಿಯ ಕೈ ಕಣ್ಣಮುಂದೆ ಬಂತಂತೆ. ಆಮೇಲೆ ಎರಡು ಮಹಡಿಯ ಮೆಟ್ಟಿಲನ್ನು ಇಳಿದದ್ದು ಹೇಗೆಂದು ಅವರಿಗೆ ಇಂದಿಗೂ ನೆನಪಿಲ್ಲ.

ನಾಲ್ಕನೆಯ ಮಹಡಿಯ ಹೊರಬಾಗಿಲು ಹಾರುಹೊಡೆದಿತ್ತು. ವಾಚ್‌ಮನ್ ಆ ಬಾಗಿಲಿನ ಬೀಗದ ಕೈ ಬಾಯಲ್ಲಿ ಕಚ್ಚಿಕೊಂಡು ಎರಡೂ ಕೈ ಮೇಲೆತ್ತಿ ನಿಂತಿದ್ದ. ಬಾಯಲ್ಲಿ ಕೈ ಇದ್ದ ಮೇಲೆ ಉತ್ತರ ಎಲ್ಲಿಂದ ಬರಬೇಕು. ಜಾಲರಿ ಸರಿದಿತ್ತು. ಲಿಫ್ಟಿನ ನೆಲಕ್ಕೂ ಬಾಗಿಲಿನ ಮೇಲಿನ ಕಟ್ಟಿಗೂ ನಡುವೆ ಒಂದೂವರೆ ಮೊಳದ ಸಂದಿ. ಆ ಸಂದಿಯಲ್ಲಿ, ಬೋರಲಾಗಿ, ಕಾಲು ಹೊರಗೆ, ಎದೆ ಮತ್ತು ತಲೆ ಒಳಗೆ, ಅತ್ತೆ. ಬರಿಗಾಲೊಂದು ಗಾಳಿಯಲ್ಲಿ ನೆಲ ಹುಡುಕುತ್ತಿತ್ತು. ಹೊಲಿಗೆ ಕ್ಲಾಸಿನವರು ನಕ್ಕದ್ದು ಆ ಕಾಲಿಗೆ. ಅತ್ತೆಯೂ ನಗುತ್ತಿದ್ದರು.

ಮಾವ ಕೂಗಲಿಲ್ಲ. ಕೂಗಿದರೆ ಅವರು ಬೆಚ್ಚಿ ಜಾರಿ ಲಿಫ್ಟಿನ ಕೆಳಗಿನ ಕತ್ತಲಿಗೆ ಬಿದ್ದಾರೆಂದು ಹೆದರಿ, ಹತ್ತಿರ ಹೋಗಿ, ಅತ್ತೆಯ ಸೊಂಟವನ್ನು ಎರಡೂ ತೋಳಿನಿಂದ ಬಿಗಿಯಾಗಿ ಹಿಡಿದು, ಮೆಲ್ಲಗೆ ಈಚೆಗೆ ಎಳೆದು ನೆಲಕ್ಕೆ ಇಳಿಸಿದರು. ಗುಂಪು ಚಪ್ಪಾಳೆ ತಟ್ಟಿತು.

"ನೋಡಿ, ಸಿನಿಮಾದಲ್ಲಿ ಇದ್ದ ಹಾಗೇ ಆಯ್ತು," ಎಂದರು ಅತ್ತೆ ಸೀರೆ ಕೊಡವುತ್ತ. "ನೀವು ಮೇಲೆ ಒಬ್ರೇ ಒದ್ದಾಡ್ತಿರ್ತೀರಲ್ಲ ಅಂತ ನಾನೇ ಇಳಿದುಬಿಟ್ಟೆ. ಬರೀ ಚಪ್ಪಲಿ ಹೋಯ್ತು."

ಮಾವ ಅತ್ತೆಯನ್ನು ಬಾಗಿಲಿನ ಮುಂದೆ ನಿಲ್ಲಿಸಿ ಆ ಸಂದಿಯನ್ನು ತೋರಿಸಿದರು. ಒಂದು ಅಂಗೈಯನ್ನು ಮೇಲಿನ ಕಟ್ಟಿನ ಹಾಗೆ ಅಲುಗದೆ ಹಿಡಿದರು. ಇನ್ನೊಂದನ್ನು ಲಿಫ್ಟಿನ ನೆಲದ ಹಾಗೆ ಕೆಳಗೆ ಹಿಡಿದರು. ಕೆಳಗಿನ ಅಂಗೈಯನ್ನು ಮೇಲಕ್ಕೆ ತಂದರು. ಎರಡೂ ಅಂಗೈ ಒಂದಕ್ಕೊಂದು ಒತ್ತಿ ನಿಂತವು. ಆಮೇಲೆ ತನ್ನ ಬಲಗೈಯನ್ನು ತೋರಿಸಿ, ಬ್ರೇಕಿನ ಸನ್ನೆ ಹಿಡಿದ ಹಾಗೆ ಮುಷ್ಟಿ ಮಾಡಿ, ಎಳೆಯದೆ ಬಿಟ್ಟರು.

ಅತ್ತೆ ಆ ಕೈಗಳನ್ನು ನೋಡಿದರು. ಸಂದಿಯನ್ನು ನೋಡಿದರು. ಮತ್ತೆ ಕೈ ನೋಡಿದರು. ಅವರ ಮುಖದಿಂದ ನಗು ಇಳಿದುಹೋದದ್ದನ್ನು ವಾಚ್‌ಮನ್ ಬಹಳ ದಿನ ಹೇಳುತ್ತಿದ್ದ. ಇಬ್ಬರೂ ಮೆಟ್ಟಿಲ ಮೇಲೆ ಕುಳಿತರು. ಅತ್ತೆ ಮಾವನ ಬಲಗೈಯನ್ನು ತಮ್ಮ ಮಡಿಲಿಗೆ ಎಳೆದು ಹಿಡಿದುಕೊಂಡರು. ಜೊತೆಗಾರ ಬಂದು, ಅವನೂ ಮಾವನೂ ಸೇರಿ, ನರ್ಸಮ್ಮನನ್ನು ಅಂಗುಲ ಅಂಗುಲವಾಗಿ ಐದನೆಯ ಮಹಡಿಗೆ ಮುಟ್ಟಿಸುವ ಹೊತ್ತಿಗೆ ನೋಡುವವರು ಒಬ್ಬರೂ ಉಳಿದಿರಲಿಲ್ಲ.

ಕಟ್ಟಡದವರು ಕಂಪನಿಗೆ ದೂರು ಬರೆದರು: ಮೆಕ್ಯಾನಿಕ್ ಹೆದರಿ ಕೆಲಸ ಅರ್ಧಕ್ಕೆ ಬಿಟ್ಟು ಓಡಿಬಂದ, ಹೆಂಗಸು ತಾನಾಗಿ ಇಳಿಯಬೇಕಾಯಿತು. ಒಂದು ದೃಷ್ಟಿಯಲ್ಲಿ ಅಕ್ಷರಶಃ ನಿಜ. ಅದಕ್ಕೆ ಉತ್ತರವಾಗಿ ಮಾವ, ಸ್ವಿಚ್ಚನ್ನು ತಾನು ಒಂದೇ ಸಲ ನೋಡಿದ್ದೆನೆಂದೂ, ಒಬ್ಬನೇ ಬ್ರೇಕಿಗೆ ಕೈ ಹಾಕಿದ್ದೆನೆಂದೂ ತಾವೇ ಬರೆದುಕೊಟ್ಟರು. ಆರು ತಿಂಗಳು ಅವರನ್ನು ವರ್ಕ್‌ಶಾಪಿನಲ್ಲಿ ಕೂರಿಸಿದರು. ಸಾಹೇಬರು ಬೈದರು. ಮಾವ ನೆಮ್ಮದಿಯಾಗಿ ಊಟ ಮಾಡಿದರು.

ನಾನು ಆ ಸಿನಿಮಾದ ಮೇಲೆ ಬಹಳ ದಿನ ಹಲ್ಲು ಕಡಿದೆ, ಮಾವನ ಪಕ್ಕದ ಸೀಟಿನಲ್ಲಿ ಕೂತು ತಾಳ ಹಾಕಿದವನು ನಾನೇ ಎಂಬುದನ್ನು ಮರೆಯಲು. ಗುಮಾಸ್ತನ ತಪ್ಪೇನೂ ಇಲ್ಲ, ಪಾಪ. ಸಿನಿಮಾದ ಲಿಫ್ಟಿಗೆ ಕಥೆ ಗೊತ್ತಿರುತ್ತದೆ. ಹುಡುಗಿ ಸಂದಿಯಲ್ಲಿರುವಾಗ ಅದು ಕದಲುವುದಿಲ್ಲ, ಚಪ್ಪಲಿಗೂ ಯಾವ ಬೋಳುತಲೆಯ ಮೇಲೆ ಬೀಳಬೇಕೆಂದು ಮೊದಲೇ ಹೇಳಿರುತ್ತಾರೆ. ನಮ್ಮ ಲಿಫ್ಟಿಗೆ ಗೊತ್ತಿರುವುದು ತೂಕ ಮಾತ್ರ. ಒಳ್ಳೆಯವರ ತೂಕ, ಪಾಪದವರ ತೂಕ, ಎಲ್ಲ ಅದಕ್ಕೆ ಒಂದೇ. ಇಷ್ಟು ತಿಳಿದ ಮೇಲೂ ನಾನು ಆ ಜಾತಿಯ ಸಿನಿಮಾ ಬಿಟ್ಟಿಲ್ಲ. ಹೆದರಿದವರಿಗೆ ನಗಲು ಒಂದು ಕತ್ತಲ ಜಾಗ ಬೇಕು.

ಅವರೂ ಬಿಡಲಿಲ್ಲ. ಎರಡು ತಿಂಗಳ ಮೇಲೆ ಇನ್ನೊಂದು ಬಂತು, ಅದರಲ್ಲಿ ಹೀರೊ ಸರ್ಕಸ್ಸಿನ ಅಡುಗೆಯವನು. ಅತ್ತೆ ಹೊಸ ಚಪ್ಪಲಿ ಮೆಟ್ಟಿಕೊಂಡರು. ನಾನು ಗೇಟಿನ ಬಳಿ ಹೋಗಿ ನಿಂತೆ. ಮಾವ ಬೀಗ ಹಾಕಿ ಒಮ್ಮೆ ಜಗ್ಗಿದರು. ಎರಡನೆಯ ಸಲ ಜಗ್ಗಿದರು. ಹೆಜ್ಜೆಯ ಸದ್ದು ಕೇಳದೆ ನಾನು ಹಿಂತಿರುಗಿ ನೋಡಿದರೆ ಅತ್ತೆ ಮೆಟ್ಟಿಲಿಳಿದಿರಲಿಲ್ಲ. ಅಲ್ಲೇ, ಬಾಗಿಲಿನ ಪಕ್ಕದಲ್ಲೇ ನಿಂತು, ಬೀಗವನ್ನು ನೋಡುತ್ತಿದ್ದರು. ಮಾವ ಸಂಕೋಚದಿಂದ ಕೀಲಿಯನ್ನು ಜೇಬಿಗೆ ಹಾಕಿಕೊಳ್ಳಹೊರಟರು.

"ಇನ್ನೊಂದ್ಸಲ," ಎಂದರು ಅತ್ತೆ.